ವ್ಯಾಗ್‌ಸ್ಟಾಫ್ ಆಡಿದ ಊರಲ್ಲಿ

ಮ್ಯಾಂಚೆಸ್ಟರ್‌ನಿಂದ ಹೊರಟ ರೈಲು ಸ್ಟ್ಯಾಂಡೆಜ್ ಸುರಂಗಕ್ಕೆ ನುಗ್ಗುತ್ತದೆ. ಮೂರು ಮೈಲಿಗೂ ಜಾಸ್ತಿ ಕತ್ತಲು. ಆಚೆ ಬಂದರೆ ಯಾರ್ಕ್‌ಷೈರ್, ಸ್ವಲ್ಪ ಹೊತ್ತಿಗೆ ಹಡ್ಡರ್ಸ್‌ಫೀಲ್ಡ್. ಇಳಿದವರು ಒಮ್ಮೆ ತಿರುಗಿ ನಿಲ್ದಾಣ ನೋಡಬೇಕು. ಸಾಲುಗಂಬಗಳ ಮುಖಮಂಟಪ ಥೇಟ್ ಅರಮನೆಯದು. ಎದುರಿಗೊಬ್ಬ ಹೆರಾಲ್ಡ್‌ನ ಪ್ರತಿಮೆಯೂ ಇದೆ. ಆದರೆ ಅದು ಪ್ರಧಾನಿಯಾಗಿದ್ದ ಹೆರಾಲ್ಡ್ ವಿಲ್ಸನ್. ನಾನು ಹುಡುಕಿ ಬಂದದ್ದು ರಗ್ಬಿ ಲೀಗ್ ಆಟಗಾರ ಹೆರಾಲ್ಡ್ ವ್ಯಾಗ್‌ಸ್ಟಾಫ್‌ನನ್ನು.

ಪಕ್ಕದಲ್ಲೇ ಜಾರ್ಜ್ ಹೋಟೆಲ್ ಕಟ್ಟಡ. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್‌ಗಳು ಇಲ್ಲಿ ಸೇರಿ, ಹಳೆಯ ರಗ್ಬಿ ಯೂನಿಯನ್ ಬಿಟ್ಟು ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ರಗ್ಬಿ ಲೀಗ್ ಆಟ ಬೆಳೆದದ್ದು ಇದರಿಂದಲೇ. ಗಣಿ, ಗಿರಣಿಯ ಕೆಲಸದವನು ಆಟಕ್ಕೆ ಹೋದರೆ ಕೂಲಿ ಖೋತಾ. ಅದನ್ನು ಕ್ಲಬ್ ತುಂಬಿಕೊಡಲಿ ಅಂದರೆ ಯೂನಿಯನ್ ಒಪ್ಪಲಿಲ್ಲ. ಕೂಲಿಯ ಚಿಂತೆ ಇಲ್ಲದವರಿಗೆ ದುಡ್ಡು ಮುಟ್ಟದೆ ಆಡಿ ಅನ್ನುವುದು ಸುಲಭ, ಅಲ್ವಾ?

ಅಲ್ಲಿಂದ ಬಸ್ ಹಿಡಿದು ಹೋಮ್‌ಫರ್ತ್‌ಗೆ ಹೋದೆ. ಕಣಿವೆಯ ಊರು, ಕಪ್ಪುಗಟ್ಟಿದ ಕಲ್ಲಿನ ಮನೆಗಳು, ಕಾಲು ನೋಯಿಸುವ ಏರು. ವ್ಯಾಗ್‌ಸ್ಟಾಫ್ ಇಲ್ಲಿ 1891ರಲ್ಲಿ ಹುಟ್ಟಿದ. ಅಂಡರ್‌ಬ್ಯಾಂಕ್ ರೇಂಜರ್ಸ್‌ಗೆ ಆಡುತ್ತಿದ್ದ ಹುಡುಗನನ್ನು 1906ರಲ್ಲಿ ಹಡ್ಡರ್ಸ್‌ಫೀಲ್ಡ್ ಕ್ಲಬ್ ಐದು ಚಿನ್ನದ ನಾಣ್ಯ ಕೊಟ್ಟು ಸೇರಿಸಿಕೊಂಡಿತು. ವಯಸ್ಸು ಬರೀ 15! ಅದೇ ವರ್ಷ ನಾರ್ದರ್ನ್ ಯೂನಿಯನ್ ತಂಡದ ಬಲವನ್ನು 15ರಿಂದ 13ಕ್ಕೆ ಇಳಿಸಿತು. ಮೈದಾನದಲ್ಲಿ ಜಾಗ ತೆರೆಯಿತು. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಓಡುವ ಸೆಂಟರ್ ಆಟಗಾರನಿಗೆ ಇದಕ್ಕಿಂತ ಒಳ್ಳೆ ಕಾಲ ಇರಲಿಲ್ಲ ಅಂತ ನನ್ನ ಲೆಕ್ಕ. 17ಕ್ಕೆ ಇಂಗ್ಲೆಂಡ್ ತಂಡ, 20ಕ್ಕೆ ಕ್ಲಬ್ಬಿನ ನಾಯಕತ್ವ.

ಮರಳಿ ಬಂದು ಫಾರ್ಟೌನ್ ಮೈದಾನಕ್ಕೆ ನಡೆದೆ. ಕ್ಲಬ್ 1992ರಲ್ಲಿ ಈ ಜಾಗ ಬಿಟ್ಟಿತು. ನೋಡಲು ಅಂಥದ್ದೇನಿಲ್ಲ, ಸುಮ್ನೆ ಹುಲ್ಲು. ಆದರೆ ಆಲ್ಬರ್ಟ್ ರೋಸೆನ್‌ಫೆಲ್ಡ್ ಒಂದೇ ಋತುವಿನಲ್ಲಿ, 1913-14ರಲ್ಲಿ, 80 ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸುವುದು) ಹೊಡೆದದ್ದು ಈ ಕ್ಲಬ್ಬಿಗೆ. ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಮುಂದಿನ ಋತುವಿನಲ್ಲಿ ವ್ಯಾಗ್‌ಸ್ಟಾಫ್‌ನ ತಂಡ ನಾಲ್ಕಕ್ಕೆ ನಾಲ್ಕೂ ಕಪ್ ಗೆದ್ದಿತು.

ಅವನ ಹೆಸರು ಉಳಿದಿರುವುದು ಮಾತ್ರ ಸಿಡ್ನಿಯ ಒಂದು ಮಧ್ಯಾಹ್ನದಿಂದ. 1914ರಲ್ಲಿ ಬ್ರಿಟಿಷ್ ತಂಡದ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವನೇ ನಾಯಕ. ಎಂಟು ದಿನದಲ್ಲಿ ಮೂರು ಟೆಸ್ಟ್ ಆಡಿಸಿದರು. ಮೊದಲೆರಡರಲ್ಲಿ ಎರಡೂ ತಂಡಕ್ಕೆ ಒಂದೊಂದು ಗೆಲುವು. ಜುಲೈ 4ರ ಮೂರನೆಯದರಲ್ಲಿ ಬ್ರಿಟಿಷ್ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಹೊರಬಿದ್ದರು. ಆಗೆಲ್ಲ ಬದಲಿ ಆಟಗಾರರನ್ನು ಇಳಿಸುವ ಹಾಗಿರಲಿಲ್ಲ. ಕಲ್ಲಿದ್ದಲು ವ್ಯಾಪಾರಿ, ಕುಸ್ತಿಪಟು ಡಗ್ಲಸ್ ಕ್ಲಾರ್ಕ್‌ನ ಕೊರಳೆಲುಬು ಮುರಿಯಿತು. ಒಂದು ಹಂತದಲ್ಲಿ ಹದಿಮೂರು ಮಂದಿಯೆದುರು ಹತ್ತೇ ಜನ. ಮೇಲಿಂದ ಮೇಲೆ ಬಂದ ದಾಳಿಯನ್ನು ಟ್ಯಾಕಲ್ ಮಾಡಿ ಕೆಡವುತ್ತಲೇ ಇದ್ದರು. ಅಷ್ಟೇ ಅಲ್ಲ, ಚಿಕ್ ಜಾನ್ಸನ್ ಚೆಂಡನ್ನು ಕಾಲಿನಲ್ಲೇ ತಳ್ಳಿಕೊಂಡು ಹೋಗಿ ಟ್ರೈ ಹೊಡೆದ! ಗೆಲುವು 14-6. 1879ರ ಜುಲು ಯುದ್ಧದಲ್ಲಿ ಬೆರಳೆಣಿಕೆಯ ಬ್ರಿಟಿಷ್ ಸೈನಿಕರು ದೊಡ್ಡ ಜುಲು ಪಡೆಯನ್ನು ತಡೆದು ನಿಂತ ಕಾಳಗದ ನೆನಪಲ್ಲಿ ಈ ಪಂದ್ಯವನ್ನು ಇಂದಿಗೂ ‘ರೋರ್ಕ್ಸ್ ಡ್ರಿಫ್ಟ್’ ಟೆಸ್ಟ್ ಎನ್ನುತ್ತಾರೆ. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಇದು ಆಟ, ಅದು ಸಾವು.

ಸಾವು ತಿಂಗಳೊಳಗೇ ಬಂತು, ಮಹಾಯುದ್ಧದ ರೂಪದಲ್ಲಿ. ವ್ಯಾಗ್‌ಸ್ಟಾಫ್ ಸೇನೆ ಸೇರಿದ, ಬದುಕಿ ಮರಳಿದ. 1920ರ ಪ್ರವಾಸಕ್ಕೂ ಅವನೇ ನಾಯಕ. 1925ರಲ್ಲಿ ಆಟ ನಿಲ್ಲಿಸಿ, ಪಬ್ ನಡೆಸಿಕೊಂಡಿದ್ದ. 1939ರಲ್ಲಿ ತೀರಿಕೊಂಡಾಗ ಬರೀ 48. 1988ರಲ್ಲಿ ಬ್ರಿಟಿಷ್ ರಗ್ಬಿ ಲೀಗ್ ತನ್ನ ಹಾಲ್ ಆಫ್ ಫೇಮ್‌ಗೆ ಮೊದಲ ಒಂಬತ್ತು ಮಂದಿಯನ್ನು ಆರಿಸಿದಾಗ ಅವನ ಹೆಸರಿತ್ತು, ರೋಸೆನ್‌ಫೆಲ್ಡ್‌ನದೂ ಇತ್ತು.