ಕೇರಳದ ಮಾಳದಲ್ಲಿ ಯೆಹೂದಿ ಸ್ಮಶಾನ ನೋಡಹೊರಟವರಿಗೆ

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ನೋಡಿ ಮರಳುವವರು ತ್ರಿಶೂರು ಜಿಲ್ಲೆಯ ಮಾಳಕ್ಕೂ (ಇದು ನಮ್ಮ ಕಾರ್ಕಳದ ಮಾಳವಲ್ಲ) ಅರ್ಧ ದಿನ ಮೀಸಲಿಡಬೇಕೆಂದು ಒತ್ತಿ ಹೇಳುತ್ತೇನೆ. ಇಲ್ಲಿನ ಯೆಹೂದಿಗಳು ಇಸ್ರೇಲಿಗೆ ಹೊರಡುವ ಮುನ್ನ, 1955ರ ಜನವರಿಯಲ್ಲಿ, ತಮ್ಮ ಸಿನಗಾಗನ್ನೂ ಸುಮಾರು ನಾಲ್ಕು ಎಕರೆಯ ಸ್ಮಶಾನವನ್ನೂ ಕರಾರು ಬರೆದು ಪಂಚಾಯಿತಿಯ ಸುಪರ್ದಿಗೆ ಒಪ್ಪಿಸಿದರು. ಸ್ಮಶಾನದ ನೆಲ ಅಗೆಯಬಾರದು, ಅದನ್ನು ಕಾಪಾಡಿಕೊಂಡು ಬರಬೇಕು ಎಂಬುದು ಅದರ ಷರತ್ತು. ಈ ಸಂಗತಿ ಓದಿಕೊಂಡು ಹೋದ ನನಗೆ, ಆ ನೆಲದ ಒಂದು ಭಾಗದಲ್ಲಿ ಕ್ರೀಡಾ ಅಕಾಡೆಮಿ ಎದ್ದಿರುವುದನ್ನು ಕಂಡು ಬಹಳ ನೋವಾಯಿತು. ಈಗ ಕಣ್ಣಿಗೆ ಬೀಳುವ ಗೋರಿಗಳು ಮೂರೇ. ಕಪ್ಪಗೆ ಪಾಚಿಗಟ್ಟಿದ ಅವುಗಳ ಸುತ್ತ ಹುಲ್ಲು ಬೆಳೆದಿರುತ್ತದೆ. ಮಳೆಗಾಲದಲ್ಲಿ ಹೋಗುವವರು ಬೂಟು ಹಾಕಿಕೊಳ್ಳುವುದು ಒಳ್ಳೆಯದು. ಸ್ಮಶಾನವನ್ನು ಉಳಿಸಿಕೊಳ್ಳಲು ಊರಿನವರೇ ಸಮಿತಿ ಕಟ್ಟಿಕೊಂಡು ಹೋರಾಡಿದ್ದಾರೆ ಎಂಬುದನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ಅಲ್ಲಿ ಸತ್ತವರ ಪರವಾಗಿ ಮಾತಾಡಲು ಅವರ ಮಕ್ಕಳು ಮೊಮ್ಮಕ್ಕಳು ಯಾರೂ ಊರಿನಲ್ಲಿಲ್ಲ.

ಬೆಂಗಳೂರಿನಿಂದ ರೈಲಿನಲ್ಲಿ ಬರುವವರು ಚಾಲಕ್ಕುಡಿಯಲ್ಲಿ ಇಳಿದು ಖಾಸಗಿ ಬಸ್ಸು ಹಿಡಿಯಿರಿ. ನಿಲ್ದಾಣದ ಹೊರಗೆ ನಾನು ಹತ್ತಿದ ಆಟೋದವನು ಒಪ್ಪಿದ ಬಾಡಿಗೆಯ ಮೇಲೆ, ಮರಳಿ ಖಾಲಿ ಬರಬೇಕೆಂದು ಅಷ್ಟೇ ಹಣವನ್ನು ಮತ್ತೆ ಕೇಳಿ, ಕೊಡುವ ತನಕ ಚೀಲ ಇಳಿಸಲು ಬಿಡಲಿಲ್ಲ.

ಆ ಕಹಿಯನ್ನು ಮರೆಸಿದ್ದು ಮಾಳದ ಬಸ್ ನಿಲ್ದಾಣದ ಹತ್ತಿರದ, ನಾಲ್ಕೇ ಮೇಜುಗಳ ಒಂದು ಹೋಟೆಲು. ಹಬೆಯಾಡುವ ಪುಟ್ಟು, ತೆಂಗಿನಕಾಯಿ ಹುರಿದು ಅರೆದು ಮಾಡಿದ ಕಡಲೆ ಸಾರು, ಜೊತೆಗೊಂದು ಬಾಳೆಹಣ್ಣು. ಸಾರು ಮುಗಿದಂತೆಲ್ಲ ಹೋಟೆಲಿನ ಅಮ್ಮ ಕೇಳದೆಯೇ ಬಡಿಸುತ್ತಿದ್ದರು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡೆ. ಎರಡು ಹೊತ್ತಿನ ಲೆಕ್ಕ ಸೇರಿಸಿದರೂ ಆಟೋದವನು ಹೆಚ್ಚಿಗೆ ಕಿತ್ತುಕೊಂಡ ಹಣದ ಸಮಕ್ಕೆ ಬರಲಿಲ್ಲ. ಕೂರಲು ಕಾಯಬೇಕಾಗುತ್ತದೆ, ಕಾಯಿರಿ.

ಸಮಯವಿದ್ದರೆ ಪರವೂರಿನ ಸಮೀಪದ ಚೇಂದಮಂಗಲಕ್ಕೂ ಹೋಗಿ. ಅಲ್ಲಿನ ಸಿನಗಾಗಿನ ಮುಂದೆ 1269ರ ಹೀಬ್ರೂ ಗೋರಿಗಲ್ಲೊಂದಿದೆ. ಇಸ್ರೇಲ್ ಎಂಬವರ ಮಗಳು ಸಾರಾಳದು. ಮಾಳದಲ್ಲಿ ಹೆಸರುಗಳನ್ನೇ ಕಳೆದುಕೊಂಡ ನೆಲವನ್ನು ನೋಡಿ ಬಂದವರಿಗೆ ಈ ಕಲ್ಲಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಆದ್ದರಿಂದ ಮಾಳವನ್ನೇ ಮೊದಲು ನೋಡಿ. ಚೇಂದಮಂಗಲದ ಸಿನಗಾಗ್ ಈಗ ವಸ್ತುಸಂಗ್ರಹಾಲಯ, ಸೋಮವಾರ ರಜೆ.