ಬುತ್ತಿ ಡಬ್ಬಿಯ ಕೋಚ್

ನಿನ್ನೆ ರಾತ್ರಿ ನಿದ್ದೆ ಬರದೆ ಬಡ್ ಫಾಸ್ಟರ್ ಬಗ್ಗೆ ಓದುತ್ತಾ ಕೂತೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಡಿಫೆನ್ಸ್ ಕೋಚ್ ಆಗಿದ್ದವರು. ಅಲ್ಲಿನ ಫುಟ್‌ಬಾಲ್ ಅಂದ್ರೆ ಚೆಂಡನ್ನು ಎದೆಗವಚಿಕೊಂಡು ಓಡುವ ಆಟ. ಹಾಗೆ ಓಡಿ ಬರುವವರನ್ನು ತಡೆಯೋದು ಹೇಗೆ ಅಂತ ಕಲಿಸೋದೇ ಇವರ ಕೆಲಸ.

1987ರಲ್ಲಿ ಮುಖ್ಯ ಕೋಚ್ ಫ್ರಾಂಕ್ ಬೀಮರ್ ಜೊತೆ ಬಂದರು. 2019ರ ಸೀಸನ್ ಮುಗಿಯುವವರೆಗೂ ಅಲ್ಲೇ ಇದ್ದರು. 2006ರಲ್ಲಿ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಬಂತು. ಆದರೂ ಮುಖ್ಯ ಕೋಚ್ ಆಗಲೇ ಇಲ್ಲ.

ನನ್ನ ಮನಸ್ಸಲ್ಲಿ ಉಳಿದದ್ದು ಒಂದು ಡಬ್ಬಿ. ಕಲ್ಲಿದ್ದಲು ಗಣಿಯವರು ಬುತ್ತಿ ಒಯ್ಯುತ್ತಿದ್ದಂಥ ಹಳೇ ತಗಡಿನ ಡಬ್ಬಿ. 1995ರಿಂದ ಅದೇ ಅವರ ಡಿಫೆನ್ಸ್‌ನ ಗುರುತಾಗಿತ್ತು. ಚೆನ್ನಾಗಿ ದುಡಿದ ಆಟಗಾರನಿಗೆ ಅದನ್ನು ಹೊರುವ ಗೌರವ ಸಿಗುತ್ತಿತ್ತು. 2007ರ ಏಪ್ರಿಲ್‌ನಲ್ಲಿ ಆ ಕ್ಯಾಂಪಸ್‌ನಲ್ಲಿ ಗುಂಡಿನ ದಾಳಿಗೆ 32 ಜನ ಬಲಿಯಾದರು. ಆ ವರ್ಷ ತಂಡ ಆ 32 ಹೆಸರುಗಳನ್ನೂ ಡಬ್ಬಿಯಲ್ಲಿ ಹೊತ್ತುಕೊಂಡೇ ಆಡಿತು. ಅದನ್ನು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಅಪ್ಪನ ನೆನಪಾಯಿತು. ಇಪ್ಪತ್ತೆಂಟು ವರ್ಷ ಒಂದೇ ಕಾರ್ಖಾನೆ, ಒಂದೇ ಸ್ಟೀಲ್ ಡಬ್ಬಿ. ಸೂಪರ್‌ವೈಸರ್ ಆಗಲಿಲ್ಲ ಅಂತ ಅವರು ಕೊರಗಿದ್ದು ನಾನು ನೋಡಿಲ್ಲ. ಹೊಸ ಹುಡುಗರಿಗೆ ಮೆಷಿನ್ ಕಲಿಸಿ ಬಂದ ದಿನ ಮಾತ್ರ ಊಟಕ್ಕೆ ಕೂತಾಗ ಜಾಸ್ತಿ ಮಾತಾಡುತ್ತಿದ್ದರು. ಆ ಡಬ್ಬಿ ಈಗಲೂ ಅಟ್ಟದ ಮೇಲಿದೆ, ಮುಚ್ಚಳ ಸೊಟ್ಟಗಾಗಿದೆ. ಇವತ್ತು ಇಳಿಸಿ ತೊಳೆದಿಟ್ಟೆ.