ನನ್ನ ಖಾಲಿ ಯಾಕ ತುಂಬ್ಲತ್ತಿ?

ಸೋಮವಾರ ರಾತ್ರಿಯಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಮಿಲ್ಲಿನಲ್ಲಿ ಲೆಕ್ಕ ಬರೆಯುವಾಗ, ಸೇಡಂ ರಸ್ತೆಯಲ್ಲಿ ಗಾಡಿ ಓಡಿಸುವಾಗ, ಊಟಕ್ಕೆ ಕೂತು ರೊಟ್ಟಿ ಮುರಿಯುವಾಗಲೂ ಅದೇ. "ತಮ್ಮಾ, ನನ್ನ ಖಾಲಿ ಯಾಕ ತುಂಬ್ಲತ್ತಿ?"

ಕೇಳಿದವರು ನಮ್ಮ ಓಣಿಯ ಗುಡಿಯಲ್ಲಿ ತಬಲಾ ನುಡಿಸುವ ಮುತ್ಯಾ. ವಯಸ್ಸು 70 ದಾಟಿದೆ. ಬೈಯಲಿಲ್ಲ, ದನಿ ಏರಿಸಲಿಲ್ಲ. ಒಂದು ಭಜನೆ ಪದ ಮುಗಿದು ಇನ್ನೊಂದು ಶುರುವಾಗುವ ನಡುವೆ, ಶ್ರುತಿ ಹೊಂದಿಸಲು ಸುತ್ತಿಗೆಯಿಂದ ತಬಲಾದ ಮರದ ಗಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೇ ಕೇಳಿದರು.

ನಾನು ಬೇಸ್ ಗಿಟಾರ್ ಹಿಡಿದು 20 ವರ್ಷ ಆಯ್ತು. ಹೊಟ್ಟೆಪಾಡಿಗೆ ದಾಲ್ ಮಿಲ್ಲಿನ ಕೆಲಸ ಇದೆ. ಗಿಟಾರ್ ಇರೋದು ಶನಿವಾರ, ಭಾನುವಾರಕ್ಕೆ. ಮದುವೆ ಆರತಕ್ಷತೆ, ಗಣಪತಿ ಪೆಂಡಾಲು, ರಾಜ್ಯೋತ್ಸವ, ಎಲ್ಲಿ ಕರೆದರೂ ಹೋಗುತ್ತೇನೆ. ನಮ್ಮ ಕಲಬುರಗಿಯಲ್ಲಿ ಬೇಸ್ ನುಡಿಸುವವರು ಕಡಿಮೆ. ಕೀಬೋರ್ಡಿನವರ ಎಡಗೈಯಲ್ಲೇ ಆ ಕೆಲಸ ಮುಗಿಸಿಬಿಡುತ್ತಾರೆ. ರೊಕ್ಕ ಉಳಿಸಬೇಕು ಅಂದರೆ ಆರ್ಕೆಸ್ಟ್ರಾದವರು ಮೊದಲು ಬಿಡೋದು ನಮ್ಮನ್ನೇ. ಇದು ತಪ್ಪು ಅಂತ ನಾನು ಎಷ್ಟೋ ಸಲ ಜಗಳ ಆಡಿದ್ದೇನೆ. ಎಡಗೈ ಒತ್ತುವ ಕೀಲಿಗೂ, ಎರಡು ಬೆರಳಿನಿಂದ ಮೀಟುವ ದಪ್ಪ ತಂತಿಗೂ ಬಹಳ ಫರಕಿದೆ. ಬೇಸ್ ಇದ್ದ ದಿನ ಜನ "ಇವತ್ತು ಸೌಂಡ್ ತುಂಬಿ ಬಂತು ನೋಡ್ರಿ" ಅನ್ನುತ್ತಾರೆ. ಆ "ತುಂಬಿ ಬಂತು" ಕೇಳಿಸಿಕೊಂಡೇ 20 ವರ್ಷ ನುಡಿಸಿದ್ದೇನೆ. ಸೋಮವಾರ ಅದೇ "ತುಂಬು" ದೂರಿನ ರೂಪದಲ್ಲಿ ಬಂತು.

ಶ್ರಾವಣದ ಸೋಮವಾರ ಗುಡಿಯಲ್ಲಿ ಭಜನೆ ಇರುತ್ತದೆ. ನನ್ನನ್ನು ಕರೆದವರು ಹಾರ್ಮೋನಿಯಂ ಮಾಸ್ತರರು. ಒಳ್ಳೆಯ ಕಂಠ ಅವರದು, ತಾಳ್ಮೆ ಮಾತ್ರ ಇಲ್ಲ. ಪದ ಶುರುವಾಗುವಾಗ ನಡೆಯುತ್ತಾರೆ, ಮುಗಿಯುವಾಗ ಓಡುತ್ತಾರೆ. ಅವರ ಓಟವನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ಮುತ್ಯಾ ಒಬ್ಬರೇ. "ನಿಮ್ಮ ಗಿಟಾರೂ ಬರಲಿ, ತತ್ವಪದಕ್ಕ ಹೆಂಗ ಕೂಡ್ತದ ನೋಡೋಣು" ಅಂದರು ಮಾಸ್ತರರು. ನನಗೆ ಬಹಳ ಖುಷಿಯಾಯ್ತು. ಏಕತಾರಿ, ದಮ್ಮಡಿ, ತಾಳದ ನಡುವೆ ಕೂತು ಒಮ್ಮೆ ನುಡಿಸಬೇಕು ಅಂತ ಮೊದಲಿಂದ ಆಸೆ ಇತ್ತು.

ತಯಾರಿ ಚೆನ್ನಾಗೇ ಮಾಡಿಕೊಂಡಿದ್ದೆ. ಅವರು ಹಾಡೋದು ಕಾಳಿ ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಕರಿ ಕೀಲಿ, ಡಿ ಶಾರ್ಪ್. ಬೇಸಿನ ನಾಲ್ಕು ತಂತಿಗಳಲ್ಲಿ ಎಲ್ಲಕ್ಕಿಂತ ತಗ್ಗಿನದು ಇ. ಕಾಳಿ ಎರಡು ಅದಕ್ಕಿಂತ ಅರ್ಧ ಸ್ವರ ಕೆಳಗೆ. ಹಾಗಾಗಿ ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಇಳಿಸಿದೆ. ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಇಳಿಸಿದ ಮೇಲೆ ಸುಮಾರು 39. ಷಡ್ಜ, ಅಂದರೆ ಅವರ ಸಾ, ನನಗೆ ಖುಲ್ಲಾ ತಂತಿಯಲ್ಲೇ ಸಿಕ್ಕಿತು. ಎಡಗೈ ಒತ್ತೋದೇ ಬೇಡ, ಸುಮ್ನೆ ಮೀಟಿದರೆ ಸಾಕು. ಏಕತಾರಿ ಹಿಡಿದ ಹಾಗೆ ಸ್ವರ ನಿಂತುಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯದು ಏನಿದೆ ಅಂದುಕೊಂಡೆ.

ತೊಂದರೆ ಇದ್ದದ್ದು ಆ ನಿಂತುಕೊಳ್ಳುವುದರಲ್ಲೇ.

ಭಜನೆಯ ಕೆಹರ್ವಾ ತಾಳ ಗೊತ್ತಲ್ವಾ? ಧಾ ಗೆ ನ ತಿ, ನ ಕ ಧಿ ನ. ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ. ಧಾ, ಗೆ, ಧಿ ಬಂದಾಗ ಎಡಗೈಯ ಡಗ್ಗಾ ತೆರೆದ ದನಿಯಲ್ಲಿ ಗುಂಯ್ ಅನ್ನುತ್ತದೆ. ಐದನೇ ಮಾತ್ರೆಗೆ ಬಂದಾಗ ಆ ಗುಂಗು ಇಲ್ಲ. ನ ಬರೀ ಬಲಗೈ. ಕ ಅಂದರೆ ಡಗ್ಗಾದ ಮೇಲೆ ಅಂಗೈ ಮುಚ್ಚಿ ಹೊಡೆಯುವುದು, ಒಣ ದನಿ. ಅದೇ ಖಾಲಿ. ಹಾಡುವವರು ಕಣ್ಣು ಮುಚ್ಚಿದ್ದರೂ ತಾಳದಲ್ಲಿ ಎಲ್ಲಿದ್ದೇವೆ ಅಂತ ಗೊತ್ತಾಗೋದು ಆ ಜಾಗದಿಂದ. ಗುಂಗು ಹೋಯ್ತು, ಮತ್ತೆ ಬಂತು. ಅಷ್ಟರಲ್ಲಿ ಒಂದು ಸುತ್ತು.

ನಾನು ಧಾ ಮೇಲೆ ಮೀಟಿದ ಷಡ್ಜ ಧಿ ಬರುವವರೆಗೆ ನಿಂತೇ ಇರುತ್ತಿತ್ತು. ಮುತ್ಯಾ ಅಂಗೈ ಮುಚ್ಚಿ ಖಾಲಿ ಮಾಡಿದ ಜಾಗದಲ್ಲೆಲ್ಲ ನನ್ನ ತಂತಿ ಗುಂಯ್ ಅನ್ನುತ್ತಿತ್ತು. ಮೊದಲ ಪದದಲ್ಲೇ ತಾಳ ಹಿಡಿದವರೊಬ್ಬರು ಎರಡು ಸಲ ತಪ್ಪಿದರು. ಹಿಂದೆ ಕೂತ ಹೆಣ್ಣುಮಕ್ಕಳ ಚಪ್ಪಾಳೆ ಚೆಲ್ಲಾಪಿಲ್ಲಿ ಆಯ್ತು. ಮಾಸ್ತರರು ಎಂದಿಗಿಂತ ಜಾಸ್ತಿ ಓಡಿದರು. ಮಳೆಗೆ ಎಲ್ಲರೂ ನೆನೆದು ಬಂದಿದ್ದಾರೆ, ಮನಸ್ಸು ಕೂಡುತ್ತಿಲ್ಲ ಅಂತ ನಾನು ಅಂದುಕೊಂಡೆ. ಆಗಲೇ ಮುತ್ಯಾ ಕೇಳಿದ್ದು.

"ತಮ್ಮಾ, ನನ್ನ ಖಾಲಿ ಯಾಕ ತುಂಬ್ಲತ್ತಿ?"

"ತಾಳ ತಪ್ಪೀನೇನು ಮುತ್ಯಾ?"

"ತಾಳ ಬರೋಬರಿ ಅದ. ಹೊಡಿತಿ, ಬಿಡವಲ್ಲಿ."

ಮುಂದಿನ ಪದ ಶುರುವಾಯ್ತು. ಆಮೇಲೆ ನಾನು ಹೇಗೆ ನುಡಿಸಿದೆನೋ ಸರಿಯಾಗಿ ನೆನಪಿಲ್ಲ. ಕೈ ನಡುಗುತ್ತಿತ್ತು. ಮಂಗಳಾರತಿ ಆದ ಮೇಲೆ ಕಿರಿಯ ಹಾಡುಗಾರನೊಬ್ಬ ಬಂದು "ಅಣ್ಣಾ, ವಿಡಿಯೋದಾಗ ಭಾರಿ ಬಂದದ ನೋಡ್ರಿ" ಅಂತ ಮೊಬೈಲ್ ತೋರಿಸಿದ. ಒಳ್ಳೆಯ ಹುಡುಗ, ಮನಸ್ಸು ಇಟ್ಟೇ ಹೇಳಿದ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿಗೆ ಇಷ್ಟು ತಗ್ಗಿನ ಸ್ವರ ಹೊರಡಿಸುವ ಶಕ್ತಿ ಎಲ್ಲಿದೆ? ನಾನು ಕೆಡಿಸಿದ್ದು ಯಾವುದೂ ಅದರಲ್ಲಿ ಇರಲಿಲ್ಲ. ಮುತ್ಯಾನ ಖಾಲಿ ಖಾಲಿಯಾಗೇ ಇತ್ತು.

ಮಂಗಳವಾರ ಮಿಲ್ಲಿಗೆ ಹೋಗುವ ಮುಂಚೆ ಗುಡಿಗೆ ಹೋದೆ. ನೆಲಕ್ಕೆ ಶಹಾಬಾದ್ ಫರಸಿ ಹಾಸಿದ್ದಾರೆ, ಎರಡಡಿಯ ಕಲ್ಲು. ಗೋಡೆಯಿಂದ ಗೋಡೆಗೆ ಎಣಿಸಿದೆ. ಏಳೂವರೆ. ಅಂದರೆ 15 ಅಡಿ. ಸೆಕೆಂಡಿಗೆ 39 ಸಲ ಅದುರುವ ಸ್ವರದ ಒಂದು ಅಲೆ ಗಾಳಿಯಲ್ಲಿ ಸುಮಾರು 9 ಮೀಟರ್ ಉದ್ದ. ಅದರ ಅರ್ಧ ಹೆಚ್ಚುಕಡಿಮೆ 15 ಅಡಿ. ಎರಡು ಗೋಡೆಗಳ ನಡುವಿನ ದೂರ ಅಲೆಯ ಅರ್ಧಕ್ಕೆ ಸರಿಹೊಂದಿದರೆ ಆ ಸ್ವರ ಕೋಣೆಯಲ್ಲಿ ಉಬ್ಬುತ್ತದೆ, ಬೇಗ ಆರುವುದಿಲ್ಲ. ಪರದೆ ಇಲ್ಲ, ಗಾದಿ ಇಲ್ಲ, ಸುತ್ತಲೂ ಕಲ್ಲು. ನಾನು ಬಿಟ್ಟಿದ್ದರೂ ಗುಡಿ ಇನ್ನೊಂದಿಷ್ಟು ಹೊತ್ತು ಹಿಡಿದುಕೊಳ್ಳುತ್ತಿತ್ತು. ನಾನಂತೂ ಬಿಟ್ಟೇ ಇರಲಿಲ್ಲ.

ತಪ್ಪನ್ನು ಗುಡಿಯ ಮೇಲೆ ಹಾಕಲು ಎಣಿಸಲಿಲ್ಲ. ಎಷ್ಟು ನನ್ನದು ಅಂತ ಗೊತ್ತಾಗಬೇಕಿತ್ತು.

ಸ್ವರ ನಿಲ್ಲಿಸುವುದು ಬೇಸಿನಲ್ಲಿ ದೊಡ್ಡ ವಿದ್ಯೆ. ಎಡಗೈ ಬೆರಳನ್ನು ತಂತಿಯ ಮೇಲೇ ಇಟ್ಟು ಒತ್ತು ಮಾತ್ರ ಸಡಿಲಿಸಿದರೆ ಸ್ವರ ಸಾಯುತ್ತದೆ. ಬೇಡದ ತಂತಿ ಅದುರದಂತೆ ಬಲಗೈ ಹೆಬ್ಬೆರಳು ಆನಿಸಿಕೊಳ್ಳಬೇಕು. ಖುಲ್ಲಾ ತಂತಿಯಾದರೆ ಅದಾಗೇ ಬೇಗ ನಿಲ್ಲುವುದಿಲ್ಲ, ಕೈಯಿಂದಲೇ ಮುಚ್ಚಬೇಕು. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ, ತಂತಿಗಳು ಕೂರುವ ಜಾಗಕ್ಕೆ ಒಂದು ಮುಚ್ಚಳ ಕೊಟ್ಟು, ಅದರೊಳಗೆ ಸ್ಪಂಜು ಇಟ್ಟಿದ್ದರು. ಸ್ವರ ಉದ್ದವಾಗಬಾರದು ಅಂತಲೇ. ಡೆಟ್ರಾಯ್ಟಿನ ಮೋಟೌನ್ ಸ್ಟುಡಿಯೋದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಕೂಡ ಸ್ಪಂಜು ಇಟ್ಟುಕೊಂಡೇ, ಬಲಗೈಯ ಒಂದೇ ಬೆರಳಿನಿಂದ ಮೀಟುತ್ತಿದ್ದ. ಆತನ ಸ್ವರಗಳ ನಡುವಿನ ಜಾಗ ಕೇಳಿಯೇ ನನಗೆ ಈ ವಾದ್ಯದ ಹುಚ್ಚು ಹಿಡಿದದ್ದು. ಇದೆಲ್ಲ ನನಗೆ ಗೊತ್ತಿರುವ ವಿಷಯ. ಓಣಿಯ ಹುಡುಗರಿಗೆ ಹೇಳಿಕೊಟ್ಟಿದ್ದೇನೆ ಕೂಡ. ಆದರೂ "ತುಂಬಿ ಬಂತು" ಅನ್ನಿಸಿಕೊಳ್ಳುವ ಆಸೆಯಲ್ಲಿ ವರ್ಷ ವರ್ಷ ಸ್ವರ ಉದ್ದ ಮಾಡುತ್ತಾ ಬಂದಿದ್ದೇನೆ. ಡ್ರಮ್ಮು, ಪ್ಯಾಡು, ಕೀಬೋರ್ಡಿನ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಎಡ ಅಂಗೈಯಿಂದ ಖಾಲಿ ಮಾಡುವವರ ಪಕ್ಕ ಕೂತಾಗ ಗೊತ್ತಾಯ್ತು.

ಅವತ್ತು ಸಂಜೆ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷ. ಅವರು ಕೆಲಸದಿಂದ ಬರುತ್ತಿದ್ದ ಹೊತ್ತಿಗೆ ಅವ್ವ ದಿನಾ ಅಲ್ಲಿ ಕೂಡುತ್ತಾಳೆ. ನಾನು ದಿನಾ ಏನಾದರೂ ಮಾತು ತೆಗೆಯುತ್ತೇನೆ. "ಏನವ್ವಾ, ಟಿವಿ ಹಚ್ಚಲೇನು? ಚಾ ಮಾಡಸಲೇನು? ಅಕ್ಕಗ ಫೋನ್ ಹಚ್ಚಿಕೊಡಲೇನು?" ಅವ್ವ "ಹೂಂ" ಅಂತ ಎದ್ದು ಒಳಗೆ ಬರುತ್ತಾಳೆ. ಅವಳಿಗೆ ಬೇಜಾರಾಗಬಾರದು ಅಂತ ನಾನು ಮಾಡುವುದು. ಮಂಗಳವಾರ ಬಾಯಿ ತೆರೆದವನು ಹಾಗೇ ನಿಂತೆ. ಮುತ್ಯಾನ ಮಾತು ಮತ್ತೆ ಕೇಳಿಸಿತು. ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತೆ. ಅವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಸ್ವಲ್ಪ ನನ್ನ ಕಡೆ ಸರಿಸಿದಳು. ಬೀದಿ ದೀಪ ಹತ್ತುವವರೆಗೆ ಇಬ್ಬರೂ ಕಲ್ಲು ಆರಿಸಿದೆವು.

ಗುರುವಾರ ಬೇಸ್ ಹೆಗಲಿಗೆ ಹಾಕಿಕೊಂಡು ಮುತ್ಯಾನ ಮನೆಗೆ ಹೋದೆ. ಆಂಪ್ಲಿಫೈಯರ್ ಒಯ್ಯಲಿಲ್ಲ. ಎರಡು ಕೋಣೆಯ ಮನೆ, ಮೂಲೆಯಲ್ಲಿ ಬಟ್ಟೆ ಹೊದಿಸಿದ ತಬಲಾ ಜೋಡಿ. ಮುತ್ಯಾ 30 ವರ್ಷ ಶಹಾಬಾದ್ ಕಡೆ ಕಲ್ಲಿನ ಖಣಿಯಲ್ಲಿ ದುಡಿದವರು ಅಂತ ಅವತ್ತೇ ಗೊತ್ತಾಯ್ತು. ಒಂದೇ ಓಣಿಯಲ್ಲಿದ್ದೂ ಇಷ್ಟು ವರ್ಷ ಕೇಳಿರಲಿಲ್ಲ, ಅದು ನನ್ನ ತಪ್ಪು.

"ಮುತ್ಯಾ, ಡಗ್ಗಾ ಹೆಂಗ ಮುಚ್ತೀರಿ, ಒಂದೀಟು ತೋರಸ್ರಿ" ಅಂದೆ.

ಡಗ್ಗಾ ಎಳೆದುಕೊಂಡರು. ಮಳೆಯ ತಂಪಿಗೆ ಚರ್ಮ ಸಡಿಲಾಗಿತ್ತು. ಅಂಗೈಯಿಂದ ಎರಡು ಸಲ ತಿಕ್ಕಿ ಬೆಚ್ಚಗೆ ಮಾಡಿದರು. ಎಡ ಮಣಿಕಟ್ಟಿನ ಬುಡ ಚರ್ಮದ ಮೇಲೆ ಕೂತಿತು. ಕರಿಯ ಕರಣೆಯ ಆಚೆ ಎರಡು ಬೆರಳು ಎದ್ದು ಬಿದ್ದವು. ಗೆ. ಮಣಿಕಟ್ಟು ಒಂದು ಕಾಳಿನಷ್ಟು ಮುಂದೆ ಸರಿಯಿತು, ದನಿ ಮೇಲೇರಿತು. ಕ ಬಂದಾಗ ಇಡೀ ಕೈ ಮಲಗಿತು. ದನಿ ಅಲ್ಲೇ ನಿಂತಿತು. ಆ ಅಂಗೈಯ ಬುಡದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ನುಣುಪಾಗಿ ಹೊಳೆಯುತ್ತಿತ್ತು. ಉಳಿದ ಅಂಗೈಯೆಲ್ಲ ಕಲ್ಲಿನಿಂದ ಬಂದ ಒರಟು. ಅದೊಂದು ಜಾಗ ಮಾತ್ರ ಡಗ್ಗಾ ತಿಕ್ಕಿ ತಿಕ್ಕಿ ನುಣುಪಾದದ್ದು.

"ಈಗ ನಿಂದು ತೆಗಿ" ಅಂದರು.

ತೊಡೆಯ ಮೇಲೆ ಇಟ್ಟುಕೊಂಡು ಷಡ್ಜ ಮೀಟಿದೆ. ಕರೆಂಟ್ ಇಲ್ಲದ ಬೇಸಿನ ದನಿ ಎಷ್ಟು? ಆ ಸಣ್ಣ ಕೋಣೆಯಲ್ಲಿ ಕೇಳುವಷ್ಟಿತ್ತು. ಮುತ್ಯಾ ಮುಂದೆ ಬಾಗಿ, ತಮ್ಮ ಎಡ ಅಂಗೈಯನ್ನು ತಂತಿಗಳ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಹಿಡಿದರು.

"ನೀ ಹೊಡಿ. ನಾ ಬಿಡಿಸ್ತೀನಿ."

ಬಾಯಲ್ಲಿ ಧಾ ಗೆ ನ ತಿ ಹೇಳತೊಡಗಿದರು. ನಾನು ಧಾ ಮೇಲೆ ಮೀಟಿದೆ. ಖಾಲಿಗೆ ಸರಿಯಾಗಿ ಅವರ ಅಂಗೈ ಇಳಿಯಿತು. ದಪ್ಪ ತಂತಿ ಒಮ್ಮೆ ಜುಮ್ಮೆಂದು ಸುಮ್ಮನಾಯ್ತು. ಧಿಗೆ ಅಂಗೈ ಎದ್ದಿತು, ನಾನು ಮೀಟಿದೆ. ಮತ್ತೆ ಧಾ. ಮತ್ತೆ ಅಂಗೈ. ಎಷ್ಟು ಸುತ್ತು ಆಯ್ತೋ ಎಣಿಸಲಿಲ್ಲ. ಹೊರಗೆ ಮಳೆ ಬಂದು ನಿಂತಿತು. ಒಂದು ಸುತ್ತಿನಲ್ಲಿ ಅವರ ಕೈ ಇಳಿಯುವ ಮುಂಚೆಯೇ ನನ್ನ ಎಡಗೈ ತಂತಿಯನ್ನು ಮುಚ್ಚಿಬಿಟ್ಟಿತ್ತು. ಮುತ್ಯಾ ತಮ್ಮ ಅಂಗೈಯನ್ನು ಹಿಂದೆ ತೆಗೆದುಕೊಂಡರು. ಬಾಯಲ್ಲಿ ತಾಳ ಹೇಳುವುದನ್ನು ನಿಲ್ಲಿಸಲಿಲ್ಲ.

ಸೊಸೆ ಚಾ ತಂದಿಟ್ಟು ಬಹಳ ಹೊತ್ತಾಗಿತ್ತು. ಮುತ್ಯಾ ಬಸಿಯನ್ನು ನನ್ನ ಕಡೆ ಸರಿಸಿದರು.

"ಕುಡಿ, ಆರಲತದ."